ಲೇಸರ್ ಪ್ಯಾಕೇಜಿಗೆ ದುಡ್ಡು ಕಟ್ಟುವ ಮುನ್ನ

ಬೇಡದ ಕೂದಲು ತೆಗೆಯುವ ಲೇಸರ್‌ಗೆ ಕೂದಲು ಕಾಣುವುದಿಲ್ಲ, ಕಪ್ಪು ಮಾತ್ರ ಕಾಣುತ್ತದೆ. ಕೂದಲಲ್ಲಿರುವ ಮೆಲನಿನ್ ಎಂಬ ಬಣ್ಣದ ಅಂಶ ಬೆಳಕನ್ನು ಹೀರಿ ಬಿಸಿಯಾಗಿ ಬುಡವನ್ನು ಸುಡುತ್ತದೆ. ಈ ತತ್ವವನ್ನು 1983ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಆಂಡರ್ಸನ್ ಮತ್ತು ಪ್ಯಾರಿಷ್ ಮಂಡಿಸಿದರು. ತೊಡಕೂ ಅಲ್ಲೇ ಇದೆ: ನಮ್ಮ ಚರ್ಮದಲ್ಲೂ ಮೆಲನಿನ್ ಧಾರಾಳ. ಶಿಕಾರಿಪುರ, ಸೊರಬದ ಗದ್ದೆ-ತೋಟಗಳಲ್ಲಿ ಬಿಸಿಲುಂಡ ಮುಖ-ಕೈಗಳಲ್ಲಂತೂ ಇನ್ನೂ ಹೆಚ್ಚು. ಯಂತ್ರದ ಲೆಕ್ಕ ತಪ್ಪಿದರೆ ಬುಡದ ಬದಲು ಚರ್ಮವೇ ಸುಟ್ಟು ಕಲೆ ನಿಲ್ಲುತ್ತದೆ.

ಆದ್ದರಿಂದ ದರಕ್ಕಿಂತ ಮೊದಲು ತರಂಗಾಂತರ ಕೇಳಿ. 755 ನ್ಯಾನೋಮೀಟರಿನ ಅಲೆಕ್ಸಾಂಡ್ರೈಟ್ ಬಿಳಿ ಚರ್ಮದವರಿಗೆ ಸರಿ. 1064ರ ಎನ್‌ಡಿ-ಯಾಗ್ ಮೇಲ್ಪದರದ ಬಣ್ಣವನ್ನು ಅಷ್ಟಾಗಿ ಕೆಣಕದೆ ಆಳಕ್ಕಿಳಿಯುವುದರಿಂದ ಕಪ್ಪು ಚರ್ಮಕ್ಕೆ ಹೆಚ್ಚು ಸುರಕ್ಷಿತ. ಇವೆರಡರ ನಡುವಿನದು 810ರ ಆಸುಪಾಸಿನ ಡಯೋಡ್. ತಣಿಸುವ ವ್ಯವಸ್ಥೆ ಚೆನ್ನಾಗಿದ್ದು, ನಡೆಸುವ ಕೈ ಪಳಗಿದ್ದರೆ ಅದೂ ಆದೀತು. ಐಪಿಎಲ್ ಎನ್ನುವುದು ಲೇಸರೇ ಅಲ್ಲ, ಹಲವು ತರಂಗಾಂತರದ ಬೆಳಕನ್ನು ಒಟ್ಟಿಗೆ ಚಿಮ್ಮಿಸುವ ದೀಪ. ಜಾಹೀರಾತಿನಲ್ಲಿ ಅದೂ ‘ಲೇಸರ್’ ಆಗಿಬಿಡುವುದುಂಟು.

ಆರೆಂಟು ಸಿಟ್ಟಿಂಗ್ ಯಾಕೆ? ಬೆಳೆಯುವ ಹಂತದಲ್ಲಿರುವ ಕೂದಲು ಮಾತ್ರ ಲೇಸರ್‌ಗೆ ಸಿಗುತ್ತದೆ, ಉಳಿದದ್ದು ಅವಿತಿರುತ್ತದೆ. ಹಾಗಾಗಿ ನಾಲ್ಕರಿಂದ ಎಂಟು ವಾರಗಳ ಅಂತರ ಬೇಕು. ಆರು ವಾರಕ್ಕೊಂದರಂತೆ ಆರು ಸಿಟ್ಟಿಂಗ್ ಎಂದರೆ ಏಳು ತಿಂಗಳು. ವೈಶಾಖದ ಮದುವೆಗೆ ಫೆಬ್ರವರಿಯಲ್ಲಿ ದುಡ್ಡು ಕಟ್ಟಿದವರಿಗೆ ಈ ಲೆಕ್ಕವನ್ನು ಯಾರೂ ಹೇಳಿರುವುದಿಲ್ಲ. ಮಳೆಗಾಲದಲ್ಲೇ ಶುರು ಮಾಡುವುದು ಮೇಲು, ಆಗ ಬಿಸಿಲಿನ ಕಾಟವೂ ಕಡಿಮೆ. ಚಿಕಿತ್ಸೆಗೆ ಶಿವಮೊಗ್ಗಕ್ಕೆ ಹೋಗುವುದಾದರೆ ಶಿಕಾರಿಪುರದಿಂದ ಸುಮಾರು ಐವತ್ತು ಕಿಲೋಮೀಟರ್, ಸೊರಬದಿಂದ ಇನ್ನೂ ದೂರ; ಪ್ರತಿ ಸಲದ ಬಸ್ಸು, ಹೋದ ದಿನದ ಕೂಲಿ ಎಲ್ಲವನ್ನೂ ಪ್ಯಾಕೇಜಿನ ದರಕ್ಕೆ ಸೇರಿಸಿಕೊಳ್ಳಿ.

ಮುಂಗಡ ಪ್ಯಾಕೇಜಿನ ಹಿಂದೆ ವ್ಯಾಪಾರದ ಗಣಿತವೂ ಇದೆ. ಯಂತ್ರದ ಸಾಲದ ಕಂತು ರೋಗಿ ಬರಲಿ ಬಿಡಲಿ ಕಟ್ಟಬೇಕು, ಬೆಳಕು ಹೊಡೆಯುವ ಹ್ಯಾಂಡ್‌ಪೀಸ್‌ಗೆ ಇಂತಿಷ್ಟೇ ಶಾಟ್‌ಗಳ ಆಯುಸ್ಸು; ಅದಕ್ಕೇ ದುಡ್ಡು ಮೊದಲೇ ಕೇಳುತ್ತಾರೆ. ಕತ್ತಿಗಿಂತ ಸೂಜಿ, ಬೆಳಕಿನಂಥ ಚಿಕಿತ್ಸೆಗಳೇ ಹೆಚ್ಚು ನಡೆಯುವುದೂ ನಿಜ: ಐಸ್ಯಾಪ್ಸ್ ಎಂಬ ಸೌಂದರ್ಯ ಶಸ್ತ್ರಚಿಕಿತ್ಸಕರ ಅಂತಾರಾಷ್ಟ್ರೀಯ ಸಂಘದ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ನಡೆದ ಸುಮಾರು 3.49 ಕೋಟಿ ಸೌಂದರ್ಯ ಚಿಕಿತ್ಸೆಗಳಲ್ಲಿ 1.91 ಕೋಟಿ ಶಸ್ತ್ರಕ್ರಿಯೆ ಇಲ್ಲದವು.

ಗಲ್ಲದಲ್ಲಿ ದಪ್ಪ ಕೂದಲು, ಜೊತೆಗೆ ಮುಟ್ಟಿನ ಏರುಪೇರು ಇದ್ದರೆ ಮೊದಲು ಪಿಸಿಒಎಸ್ ಎಂಬ ಹಾರ್ಮೋನು ತೊಂದರೆಯ ಪರೀಕ್ಷೆಯಾಗಲಿ. ಹಾರ್ಮೋನು ಹತೋಟಿಗೆ ಬರದಿದ್ದರೆ ಸುಟ್ಟಷ್ಟೂ ಹೊಸ ಕೂದಲು ಬರುತ್ತದೆ. ಕೆಲವರಿಗೆ, ಅದರಲ್ಲೂ ಮುಖ-ಕತ್ತಿನಲ್ಲಿ, ಲೇಸರ್‌ನಿಂದಲೇ ಕೂದಲು ಹೆಚ್ಚಿದ್ದೂ ಉಂಟು. ನೆರೆತ ಕೂದಲಿಗೆ ಲೇಸರ್ ನಾಟುವುದಿಲ್ಲ.

ಮುಖದ ಕಂದು ಕಲೆಯ, ಅಂದರೆ ಬಂಗಿನ, ಕತೆ ಬೇರೆ. ಅದಕ್ಕೆ ನೇರವಾಗಿ ಲೇಸರ್ ಹಿಡಿದರೆ ಇನ್ನಷ್ಟು ಕಪ್ಪಾಗುವ ಅಪಾಯವಿದೆ. ಸನ್‌ಸ್ಕ್ರೀನ್, ಟೋಪಿ, ವೈದ್ಯರು ಬರೆದುಕೊಟ್ಟ ಲೇಪ ಮೊದಲು. ನನ್ನನ್ನು ಕೇಳಿದರೆ ಲೇಸರ್‌ಗಿಂತ ಹೆಚ್ಚು ಹೆದರಬೇಕಾದ್ದು ಮೆಡಿಕಲ್ ಶಾಪಿನಲ್ಲಿ ಕೇಳಿದೊಡನೆ ಸಿಗುವ ‘ಬೆಳ್ಳಗಾಗುವ’ ಟ್ಯೂಬಿಗೆ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ನಾಲ್ಕು ದಿನ ಮುಖ ತಿಳಿಯಾಗಿ, ಆಮೇಲೆ ಚರ್ಮ ತೆಳುವಾಗಿ ಕೆಂಪೇರುತ್ತದೆ, ಮೊಡವೆ ಏಳುತ್ತವೆ, ಕೂದಲೂ ಹುಟ್ಟುತ್ತದೆ. ಆ ಕೂದಲಿಗೆ ಮತ್ತೆ ಲೇಸರ್! ಇಂಥ ಹಲವು ಮುಲಾಮುಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ಶೆಡ್ಯೂಲ್ ಎಚ್‌ಗೆ ಸೇರಿಸಿದೆ, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ.

ಕ್ಲಿನಿಕ್‌ನಲ್ಲಿ ಕೆಪಿಎಂಇ ನೋಂದಣಿ ಪತ್ರ ಕಣ್ಣಿಗೆ ಕಾಣುವಂತೆ ಇರಬೇಕು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ (ಅದೇ ಕೆಪಿಎಂಇ) ಅದು ಕಡ್ಡಾಯ. ಬ್ಯೂಟಿ ಪಾರ್ಲರ್‌ನಲ್ಲಿ ಆ ಪತ್ರ ಇರುವುದಿಲ್ಲ, ಸುಟ್ಟರೆ ನೋಡಲು ವೈದ್ಯರೂ ಇರುವುದಿಲ್ಲ. ಗೊಂದಲವಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಒಮ್ಮೆ ತೋರಿಸಿ.

ಮುಂಗಡ ಕೊಡುವ ಮೊದಲೇ ದವಡೆಯ ಅಂಚಿನಲ್ಲಿ ಒಂದೆರಡು ಶಾಟ್ ಪರೀಕ್ಷೆಗೆ ಹೊಡೆಸಿ ಒಂದೆರಡು ವಾರ ಕಾಯಿರಿ. ಆ ಜಾಗ ಕಪ್ಪಾದರೆ ಪ್ಯಾಕೇಜ್ ಬೇಡ. ಹಾಗೆ ಕಾಯಲು ಒಪ್ಪದೆ ‘ಆಫರ್ ಇವತ್ತಿಗೇ ಮುಗಿಯುತ್ತೆ’ ಎಂದರೆ ಬೇರೆ ಕ್ಲಿನಿಕ್ ನೋಡಿ.