ತಿಜೋರಿಯ ನಂಬರ್ ಬೀಗ: ಲಸಿಕೆ ಬಂದಾಗ ಸೆಲ್ಲೂ ಬದಲಾಗಲಿ



ದನದ ಡಾಕ್ಟರಿಗೆ ತಿಜೋರಿಯ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕಾರಣವಿದೆ. ಕರು ಹಾಕಿದ ಹಸು ಹಾಲು ಜ್ವರದಿಂದ ನೆಲ ಹಿಡಿದರೆ ಚಿಕಿತ್ಸೆಗೆ ನಾಳೆವರೆಗೆ ಕಾಯಲಾಗದು, ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಕುತ್ತು ಬರಬಹುದು. ಕ್ಯಾಲ್ಸಿಯಂ ಬಾಟಲಿ ತರಲು ಕೈಯಲ್ಲಿ ದುಡ್ಡು ಬೇಕು. ವಿಮೆ ಮಾಡಿಸಿದ ಹಸು ಸತ್ತರೆ ತಡಮಾಡದೆ ಕಂಪನಿಗೆ ತಿಳಿಸಬೇಕು, ಪಾಲಿಸಿ ಪತ್ರ ಎದುರಿಗಿರಬೇಕು. ಆ ದುಡ್ಡು, ಆ ಪತ್ರ ಎರಡೂ ಈಗ ಕೆಲವು ಮನೆಗಳಲ್ಲಿ ನಂಬರ್ ಒತ್ತಿ ತೆರೆಯುವ ಪುಟ್ಟ ತಿಜೋರಿಯೊಳಗೆ ಇರುತ್ತವೆ.

ಸಂಘಗಳಲ್ಲೂ ಹಾಗೆಯೇ. ಬಟವಾಡೆ ಬ್ಯಾಂಕ್ ಖಾತೆಗೆ ಬಿದ್ದರೂ ಸ್ಥಳೀಯ ಹಾಲು ಮಾರಾಟದ ಹಣ, ಪಶು ಆಹಾರದ ಹಣ, ಚೆಕ್ ಪುಸ್ತಕ, ನಡವಳಿ ಪುಸ್ತಕ ಎಲ್ಲ ತಿಜೋರಿಯಲ್ಲೇ. ಬೇಕಾದ ಹೊತ್ತಿಗೆ ಅದು ತೆರೆಯದಿದ್ದರೆ ಕಾರ್ಯದರ್ಶಿಯ ಮೇಲೆಯೇ ಅನುಮಾನದ ಮಾತು ಹುಟ್ಟುತ್ತದೆ. ಬಹಳ ಸಲ ತಪ್ಪು ಯಾರದ್ದೂ ಅಲ್ಲ, ಬೀಗವೂ ಕೆಟ್ಟಿರುವುದಿಲ್ಲ. ಸೆಲ್ ಮುಗಿದಿರುತ್ತದೆ, ಅಷ್ಟೆ.

ಬಾಗಿಲಿನೊಳಗೆ ಏನಿದೆ?

ಪುಟ್ಟ ತಿಜೋರಿಗಳಲ್ಲಿ ಹೆಚ್ಚಿನವಕ್ಕೆ ಮನೆಯ ಕರೆಂಟ್ ಬೇಡ. ಬಾಗಿಲಿನ ಒಳಬದಿಯಲ್ಲಿ ಸಾಮಾನ್ಯವಾಗಿ ನಾಲ್ಕು ಪೆನ್ಸಿಲ್ ಸೆಲ್ ಇರುತ್ತವೆ. ಒಂದೊಂದು 1.5 ವೋಲ್ಟ್, ನಾಲ್ಕೂ ಸೇರಿ 6 ವೋಲ್ಟ್. ನೀವು ಸರಿಯಾದ ನಂಬರ್ ಒತ್ತಿದಾಗ ಒಳಗಿನ ಚಿಕ್ಕ ಮೋಟಾರು ಅಥವಾ ವಿದ್ಯುತ್ ಅಯಸ್ಕಾಂತ ಅಡ್ಡ ಇರುವ ತಡೆಯನ್ನು ಸರಿಸುತ್ತದೆ. ಆಗ ಹಿಡಿ ತಿರುಗುತ್ತದೆ.

ದೀಪ ಹತ್ತಲು, ಬೀಪ್ ಎನ್ನಲು ಸ್ವಲ್ಪ ಶಕ್ತಿ ಸಾಕು. ತಡೆ ಸರಿಸಲು ಹೆಚ್ಚು ಬೇಕು. ನಿತ್ರಾಣವಾದ ಹಸು ಕಿವಿ ಆಡಿಸುತ್ತದೆ, ಆದರೆ ಎದ್ದು ನಿಲ್ಲಲಾರದು. ಸೆಲ್ ಸೊರಗಿದ ತಿಜೋರಿಯೂ ಹಾಗೆಯೇ. ದೀಪ ಹತ್ತಿತು ಎಂದ ಮಾತ್ರಕ್ಕೆ ಸೆಲ್ ಚೆನ್ನಾಗಿದೆ ಎಂದುಕೊಳ್ಳಬೇಡಿ.

ತೆರೆಯದಿದ್ದರೆ ಹೀಗೆ ನೋಡಿ

*ದೀಪ ಇದೆ, ಬಾಗಿಲು ತೆರೆಯುತ್ತಿಲ್ಲ. ಅಥವಾ ದೀಪವೂ ಇಲ್ಲ, ಸದ್ದೂ ಇಲ್ಲ.* ಮೊದಲ ಅನುಮಾನ ಸೆಲ್ ಮೇಲೆ. ಸೆಲ್ ಇರುವುದು ಒಳಗೆ, ಬಾಗಿಲು ಮುಚ್ಚಿದೆ, ಏನು ಮಾಡುವುದು? ಇದಕ್ಕೆಂದೇ ತಿಜೋರಿಯ ಜೊತೆ ತುರ್ತು ಬೀಗದ ಕೈ ಕೊಟ್ಟಿರುತ್ತಾರೆ. ಅದರ ರಂಧ್ರ ಮುಂಭಾಗದ ಸಣ್ಣ ಮುಚ್ಚಳ ಅಥವಾ ಹೆಸರಿನ ಪಟ್ಟಿಯ ಹಿಂದೆ ಇರುತ್ತದೆ. ಕೆಲವು ಮಾದರಿಗಳಲ್ಲಿ ಹೊರಗಿನಿಂದಲೇ ಸೆಲ್ ಜೋಡಿಸುವ ವ್ಯವಸ್ಥೆ ಇರುತ್ತದೆ. ನಿಮ್ಮದು ಯಾವುದು ಎಂದು ಜೊತೆಗೆ ಬಂದ ಪುಸ್ತಕ ನೋಡಿ. ಸೆಲ್ ಮುಗಿದರೂ ನೀವು ಇಟ್ಟ ನಂಬರ್ ಸಾಮಾನ್ಯವಾಗಿ ಅಳಿಸಿಹೋಗುವುದಿಲ್ಲ, ಗಾಬರಿ ಬೇಡ.

*ಒಳಗೆ ಟಕ್ ಎನ್ನುತ್ತದೆ, ಹಿಡಿ ತಿರುಗದು.* ಒಳಗೆ ತುಂಬಿದ ಪುಸ್ತಕ, ಚೀಲ ಬಾಗಿಲನ್ನು ಹೊರಕ್ಕೆ ಒತ್ತುತ್ತಿರಬಹುದು. ಅಂಗೈಯಿಂದ ಬಾಗಿಲನ್ನು ಒಳಕ್ಕೆ ಒತ್ತಿ ಹಿಡಿದು ನಂಬರ್ ಹಾಕಿ, ಕೂಡಲೇ ಹಿಡಿ ತಿರುಗಿಸಿ.

*ಏನು ಒತ್ತಿದರೂ ಬರೀ ಬೀಪ್ ಬೀಪ್.* ಮೂರು ನಾಲ್ಕು ಸಲ ತಪ್ಪು ನಂಬರ್ ಬಿದ್ದರೆ ಹಲವು ತಿಜೋರಿಗಳು ಕೆಲವು ನಿಮಿಷ ಯಾರ ಮಾತೂ ಕೇಳುವುದಿಲ್ಲ. ಕಳ್ಳನನ್ನು ತಡೆಯಲು ಹಾಗೆ ಮಾಡಿದ್ದಾರೆ. ಕೈ ತೆಗೆದು ಅರ್ಧ ಗಂಟೆ ಸುಮ್ಮನಿದ್ದು, ನಿಧಾನವಾಗಿ ಮತ್ತೆ ಒತ್ತಿ.

*ಒಂದು ಬಟನ್ ಮಾತ್ರ ಕೆಲಸ ಮಾಡುತ್ತಿಲ್ಲ.* ಪ್ರತಿ ಬಟನ್ ಒತ್ತಿದಾಗಲೂ ಬೀಪ್ ಬರಬೇಕು. ಯಾವುದರಲ್ಲಿ ಬರುವುದಿಲ್ಲವೋ ಅದರಡಿ ಕೊಳೆ ಕೂತಿದೆ ಅಥವಾ ಬಟನ್ ಸವೆದಿದೆ. ಒರೆಸಿದರೂ ಸರಿಹೋಗದಿದ್ದರೆ ಕೀಪ್ಯಾಡ್ ಬದಲಿಸಬೇಕು.

ಇಷ್ಟಾದರೂ ತೆರೆಯದಿದ್ದರೆ ಬಿಲ್ ಹಿಡಿದು ಕಂಪನಿಯ ಸೇವಾ ಕೇಂದ್ರಕ್ಕೆ ತಿಳಿಸಿ. ಸುತ್ತಿಗೆ, ಹಾರೆ ಬೇಡ. ಪೆಟ್ಟಿಗೆ ಬಾಗಿದರೆ ತುರ್ತು ಬೀಗದ ಕೈಯೂ ಕೆಲಸ ಮಾಡದು.

ನಮ್ಮ ಧೂಳು, ನಮ್ಮ ಕೈ

ಚಳ್ಳಕೆರೆ, ಮೊಳಕಾಲ್ಮೂರು ರಾಜ್ಯದಲ್ಲೇ ಕಡಿಮೆ ಮಳೆಯ ತಾಲ್ಲೂಕುಗಳು. ಬಿ.ಜಿ. ಕೆರೆ ಸೀಮೆಯ ಬಿರುಗಾಳಿಯ ಧೂಳು ಯಾವ ಸಂದಿಯನ್ನೂ ಬಿಡದು. ಜೊತೆಗೆ ಹಾಲು ಕರೆದ ಕೈ, ಹಿಂಡಿ ಕಲಸಿದ ಕೈ, ಖನಿಜ ಮಿಶ್ರಣ ಮುಟ್ಟಿದ ಕೈ. ಹಾಲಿನ ಜಿಡ್ಡಿಗೆ ಧೂಳು ಅಂಟಿ ಬಟನ್ ಬಿಗಿಯಾಗುತ್ತದೆ. ಕೆಚ್ಚಲು ಮುಟ್ಟುವ ಮೊದಲು ಕೈ ತೊಳೆಯಿರಿ ಎಂದು ನಾವು ಹೇಳುತ್ತಲೇ ಇರುತ್ತೇವೆ. ಕೀಪ್ಯಾಡ್ ಮುಟ್ಟುವ ಮೊದಲೂ ಕೈ ತೊಳೆದು ಒರೆಸಿಕೊಳ್ಳಿ.

ವಾರಕ್ಕೊಮ್ಮೆ ಒಣ ಮೆತ್ತನೆ ಬಟ್ಟೆಯಿಂದ ಒರೆಸಿದರೆ ಸಾಕು. ಜಿಡ್ಡಿದ್ದರೆ ಬಟ್ಟೆಯನ್ನು ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ. ನೀರು ಚಿಮುಕಿಸಬೇಡಿ. ಸೀಮೆಎಣ್ಣೆ, ಪೆಟ್ರೋಲ್, ಫಿನಾಯಿಲ್ ಬೇಡವೇ ಬೇಡ, ರಬ್ಬರ್ ಹಾಳಾಗುತ್ತದೆ. ಬೀಗದ ರಂಧ್ರಕ್ಕೆ ಕೊಬ್ಬರಿ ಎಣ್ಣೆ ಬಿಡುವುದೂ ತಪ್ಪು, ಧೂಳು ಅಂಟಿ ಇನ್ನಷ್ಟು ಬಿಗಿಯುತ್ತದೆ. ಸಂಘದ ಹಾಲು ಪರೀಕ್ಷಾ ಯಂತ್ರ, ತೂಕದ ಯಂತ್ರದ ಬಟನ್‌ಗಳಿಗೂ ಇದೇ ಆರೈಕೆ ಸಲ್ಲುತ್ತದೆ.

ಇನ್ನೊಂದು ವಿಷಯ. ವರ್ಷಗಟ್ಟಲೆ ಒಂದೇ ನಂಬರ್ ಒತ್ತಿದರೆ ಆ ನಾಲ್ಕು ಬಟನ್ ಮಾತ್ರ ಸವೆದು ಹೊಳೆಯುತ್ತವೆ. ಅಂಕಿಗಳು ಯಾವುವೆಂದು ನೋಡಿದವರಿಗೆ ತಿಳಿದುಬಿಡುತ್ತದೆ. ಹೊಳಪು ಕಂಡರೆ ನಂಬರ್ ಬದಲಿಸಿ.

ನಂಬರ್ ಯಾರ ತಲೆಯಲ್ಲಿದೆ?

ಹಾಲು ಕರೆಯುವವರು ನೀವು, ಖಾತೆ ನಿಮ್ಮ ಹೆಸರಿನದು. ತಿಜೋರಿಯ ನಂಬರ್ ಮಾತ್ರ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನ ತಲೆಯಲ್ಲಿದ್ದರೆ ಹೇಗೆ? ರಾತ್ರಿ ಹಸು ಮಲಗಿದಾಗ ಅವನ ಫೋನ್ ಸಿಗದಿದ್ದರೆ ನಿಮ್ಮ ದುಡ್ಡು ನಿಮಗೇ ಇಲ್ಲ. ನಂಬರ್ ನಿಮಗೆ ಬಾಯಿಪಾಠ ಇರಲಿ. ಅಂಕಿ ನೆನಪಿಡುವುದು ಕಷ್ಟವಾದರೆ ಬೆರಳು ಹೋಗುವ ದಾರಿ ನೆನಪಿಡಿ. ಮೇಲೆ, ಕೆಳಗೆ, ಪಕ್ಕಕ್ಕೆ ಎಂದು ರಂಗೋಲಿಯ ಎಳೆಯಂತೆ. ಮನೆಯ ಇನ್ನೊಬ್ಬ ನಂಬಿಕಸ್ಥರಿಗೂ ಅದು ಗೊತ್ತಿರಲಿ.

ಸಂಘದಲ್ಲಿ ಹಾಲು ಹಾಕುವ ನಿಮ್ಮ ಸದಸ್ಯ ಸಂಖ್ಯೆಯನ್ನು ತಿಜೋರಿಗೆ ಇಡಬೇಡಿ. ಅದನ್ನು ದಿನಕ್ಕೆ ಎರಡು ಹೊತ್ತು ಸಾಲಿನಲ್ಲಿ ನಿಂತವರೆಲ್ಲ ಕೇಳುತ್ತಾರೆ. ಫೋನಿನ ಕೊನೆಯ ಅಂಕಿ, ಹುಟ್ಟಿದ ವರ್ಷವೂ ಬೇಡ. ಕಾರ್ಖಾನೆಯಿಂದ ಬಂದ ನಂಬರನ್ನು ಮೊದಲ ದಿನವೇ ಬದಲಿಸಿ. ಅದು ಜೊತೆಗೆ ಬರುವ ಪುಸ್ತಕದಲ್ಲೇ ಅಚ್ಚಾಗಿರುತ್ತದೆ.

ಸಂಘದ ತಿಜೋರಿಯ ನಂಬರ್ ಇಬ್ಬರು ಜವಾಬ್ದಾರರಿಗೆ ಗೊತ್ತಿರಲಿ. ಆಡಳಿತ ಮಂಡಳಿ ಅಥವಾ ಕಾರ್ಯದರ್ಶಿ ಬದಲಾದರೆ ಅಂದೇ ನಂಬರ್ ಬದಲಿಸಿ, ಬದಲಿಸಿದ್ದನ್ನು ನಡವಳಿಯಲ್ಲಿ ಬರೆಯಿರಿ. ನಂಬರ್ ಮಾತ್ರ ಬರೆಯಬೇಡಿ. ಇದು ಯಾರ ಮೇಲಿನ ಅಪನಂಬಿಕೆಯೂ ಅಲ್ಲ. ಲೆಕ್ಕ ಕೊಟ್ಟು ಹೋಗುವವರಿಗೂ ಇದರಿಂದ ನೆಮ್ಮದಿ.

ತುರ್ತು ಬೀಗದ ಕೈಯನ್ನು ತಿಜೋರಿಯೊಳಗೆ ಇಟ್ಟು ಮುಚ್ಚುವವರಿದ್ದಾರೆ. ಹಾಗೆ ಮಾಡಿದರೆ ಕಷ್ಟಕಾಲಕ್ಕೆ ಅದು ಇದ್ದೂ ಇಲ್ಲದಂತೆ. ಮನೆಯದಾದರೆ ಬೇರೆ ಕೋಣೆಯಲ್ಲಿ, ಸಂಘದ್ದಾದರೆ ಮುದ್ರೆ ಹಾಕಿದ ಲಕೋಟೆಯಲ್ಲಿ ಅಧ್ಯಕ್ಷರ ಬಳಿ ಇರಲಿ.

ಲಸಿಕೆಯ ಜೊತೆಗೆ ಸೆಲ್

ಸೆಲ್ ಬದಲಿಸುವ ದಿನ ನೆನಪಿಡುವುದು ಹೇಗೆ? ನಿಮಗೆ ಸುಲಭದ ಲೆಕ್ಕವಿದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಹಾಕುತ್ತೇವೆ. ಒಂದು ಸುತ್ತಿಗೆ ಸೆಲ್ ಪರೀಕ್ಷಿಸಿ, ಮುಂದಿನ ಸುತ್ತಿಗೆ ಬದಲಿಸಿ. ದಿನವೂ ಹಲವು ಸಲ ತೆರೆಯುವ ಸಂಘದ ತಿಜೋರಿಗೆ ಎರಡು ಸುತ್ತಿಗೂ ಬದಲಿಸಿದರೆ ಒಳ್ಳೆಯದು.

ಅಂಗಡಿಯಲ್ಲಿ ‘ಆಲ್ಕಲೈನ್’ ಸೆಲ್ ಎಂದೇ ಕೇಳಿ. ಗೋಡೆ ಗಡಿಯಾರದ ಅಗ್ಗದ ಸೆಲ್ ತಡೆ ಸರಿಸುವಷ್ಟು ಶಕ್ತಿಯನ್ನು ಬಹುಕಾಲ ಕೊಡಲಾರದು. ಚಾರ್ಜ್ ಮಾಡುವ ಸೆಲ್ ಸಾಮಾನ್ಯವಾಗಿ 1.2 ವೋಲ್ಟ್ ಮಾತ್ರ, ನಾಲ್ಕೂ ಸೇರಿದರೆ 4.8, ಸಾಲದೆ ಹೋಗಬಹುದು. ನಾಲ್ಕನ್ನೂ ಒಟ್ಟಿಗೇ ಬದಲಿಸಿ, ಹಳತು ಹೊಸತು ಬೆರೆಸಬೇಡಿ. ಸೆಲ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಹತ್ತಿಗೆ ಎರಡು ಹನಿ ನಿಂಬೆರಸ ಹಾಕಿ ಒರೆಸಿ, ಆಮೇಲೆ ಒದ್ದೆ ಹತ್ತಿಯಿಂದ ಒರೆಸಿ ಒಣಗಿಸಿ.

ಸೆಲ್ ಹಾಕಿದ ಮೇಲೆ ಅಥವಾ ನಂಬರ್ ಬದಲಿಸಿದ ಮೇಲೆ ಬಾಗಿಲು ತೆರೆದಿಟ್ಟೇ ಮೂರು ಸಲ ಬೀಗ ಹಾಕಿ ತೆಗೆದು ನೋಡಿ. ಮೂರು ಸಲವೂ ಸರಿಯಾಗಿ ತೆರೆದರೆ ಮಾತ್ರ ಮುಚ್ಚಿ. ಅದೇ ದಿನ ತುರ್ತು ಬೀಗದ ಕೈಯನ್ನೂ ಒಮ್ಮೆ ತಿರುಗಿಸಿ ನೋಡಿ.

ಮುಂದಿನ ಲಸಿಕೆ ಸುತ್ತಿಗೆ ನಾವು ನಿಮ್ಮ ಊರಿಗೆ ಬರುವ ಹೊತ್ತಿಗೆ ನಾಲ್ಕು ಹೊಸ ಸೆಲ್ ತಂದಿಟ್ಟಿರಿ. ಹಸುವಿಗೆ ಲಸಿಕೆ ಹಾಕಿಸಿ ಕಟ್ಟಿದ ಮೇಲೆ ತಿಜೋರಿಯ ಕೆಲಸಕ್ಕೆ ಹತ್ತು ನಿಮಿಷ ಸಾಕು.