ಮಗುವಿನೊಡನೆ ಬೆಟ್ಟದ ನಡಿಗೆ

ರಜೆ ಬಂದಾಗ ಮುನಿರಾಬಾದ್ ಭಾಗದ ಸದ್ಭಕ್ತರು ಎಳೆಯ ಮಕ್ಕಳೊಡನೆ ಆನೆಗೊಂದಿಯ ಅಂಜನಾದ್ರಿಯನ್ನು ಏರುವುದುಂಟು. ಅಲ್ಲಿ ಸುಮಾರು 575 ಮೆಟ್ಟಿಲುಗಳಿವೆ. ನಾಲ್ಕು ವರ್ಷದ ಕೂಸಿಗೆ ಇದು ಸಣ್ಣ ಶ್ರಮವಲ್ಲ.

ಬಲವುಳ್ಳವರೂ ಅರ್ಧಶಕ್ತಿಯಷ್ಟೇ ವ್ಯಾಯಾಮ ಮಾಡಬೇಕು, ಬಾಲರು ಹಾಗೂ ವೃದ್ಧರು ಅದನ್ನು ಬಿಡಬೇಕು ಎಂದು ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ಹೇಳಿದ್ದಾರೆ. ಮಕ್ಕಳ ನಡಿಗೆ ಆಟದ ಮಿತಿಯನ್ನು ಮೀರಬಾರದೆಂದು ಇದನ್ನು ಗ್ರಹಿಸಬೇಕು. ಹಣೆ, ಮೂಗು, ಕಂಕುಳುಗಳಲ್ಲಿ ಬೆವರೊಡೆದು ಬಾಯಿ ಒಣಗಿದರೆ ಅರ್ಧಶಕ್ತಿ ತೀರಿತೆಂದು ತಿಳಿದು, ಮಗುವನ್ನು ನೆರಳಿನಲ್ಲಿ ಕೂರಿಸಿ ನೀರು ಕುಡಿಸಬೇಕು.

ಮೊದಲು ಮುನಿರಾಬಾದಿನ ಪಂಪಾವನದಂತಹ ಸಮತಟ್ಟಾದ, ನೆರಳುಳ್ಳ ಸ್ಥಳದಲ್ಲಿ ಕೆಲವು ದಿನ ನಡೆಸಿ ರೂಢಿ ಮಾಡಿಸಿರಿ. ಬೆಟ್ಟಕ್ಕೆ ಚಳಿಗಾಲವೇ ಉತ್ತಮ. ಬೇಸಿಗೆಯಲ್ಲಿ ಬಂಡೆಗಳು ಕಾದು ಕೆಳಗಿನಿಂದಲೂ ಝಳ ಹೊಡೆಯುತ್ತದೆ. ಈ ಕುರುಚಲು ಕಾಡಿನಲ್ಲಿ ಕರಡಿ, ಚಿರತೆಗಳಿರುವುದರಿಂದ ಸೂರ್ಯೋದಯದ ನಂತರವೇ ಹೊರಟು, ಬಿಸಿಲೇರುವ ಮುನ್ನ ಇಳಿಯಿರಿ.

ಕಾಯಿಸಿ ಆರಿಸಿದ ನೀರು, ಬಾಳೆಹಣ್ಣು ಸಾಕು. ಮಂಗಗಳ ಕಣ್ಣಿಗೆ ಬೀಳದಂತೆ ಅವು ಚೀಲದೊಳಗಿರಲಿ. ಇಡಿಯ ಶೇಂಗಾಕಾಳು ಚಿಕ್ಕಮಕ್ಕಳ ಶ್ವಾಸನಾಳದಲ್ಲಿ ಸಿಲುಕಬಹುದು, ಕೊಡಬೇಡಿರಿ.

ಮಗು ಮಂಕಾಗಿ, ಮೈ ಸುಡುತ್ತಿದ್ದು, ವಾಂತಿ ಮಾಡಿದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ, ಒದ್ದೆ ಬಟ್ಟೆಯಿಂದ ಮೈ ತಂಪಾಗಿಸುತ್ತ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ತುದಿ ಮುಟ್ಟಲೇಬೇಕೆಂಬ ಹಠ ಸಾಮಾನ್ಯವಾಗಿ ಹಿರಿಯರದೇ ಹೊರತು ಮಗುವಿನದಲ್ಲ. ನೂರನೆಯ ಮೆಟ್ಟಿಲಿನಿಂದ ಹಿಂದಿರುಗಿದರೂ ಭಕ್ತಿಗೆ ಕೊರತೆಯಾಗದು. ಬೆಟ್ಟ ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ.