ವಾಶರ್‌ಗೆ ಯಾರು ಕಾಣಿಕೆ ಕೊಡ್ತಾರೆ?

ಉಗಾಂಡಾದ ಹಳ್ಳಿಗಳಲ್ಲಿ ‘ಯು ಟು’ ಅನ್ನೋ ಒಂದು ಕೈಪಂಪು ಇದೆ. ಉದ್ದನೆಯ ಕಬ್ಬಿಣದ ಹಿಡಿಕೆ, ಮೇಲೊಂದು ಡಬ್ಬಿ, ಸುತ್ತ ಸಿಮೆಂಟ್ ಕಟ್ಟೆ. ನಿಮ್ಮ ಅಜ್ಜಿ ಊರಲ್ಲಿ ಶಾಲೆ ಮುಂದೆ ಇದ್ದ ಬೋರಿಂಗ್ ನೆನಪಿದೆಯಾ? ಅದೇ. ಹೋಲಿಕೆಗೆ ಹೇಳ್ತಿಲ್ಲ, ನಿಜವಾಗಿ ಅದೇ ಪಂಪು. ಅದರ ಮೂಲ ಹೆಸರು ‘ಇಂಡಿಯಾ ಮಾರ್ಕ್ ಟು’.

ಕಳೆದ ವರ್ಷ ನಮ್ಮ ಸಭೆಯ ಯೌವನಸ್ಥರ ಸಂಘದಿಂದ ನಾವು ಐದು ಜನ ಎರಡು ವಾರದ ಸೇವೆಗೆಂದು ಪೂರ್ವ ಉಗಾಂಡಾಕ್ಕೆ ಹೋಗಿದ್ದೆವು. ಅಲ್ಲಿನ ಒಂದು ಸಭೆಯವರು ಸುತ್ತಲಿನ ಹಳ್ಳಿಗಳ ನೀರಿನ ಕೆಲಸ ನೋಡಿಕೊಳ್ಳುತ್ತಾರೆ. ಯಾವ ಊರಿನ ಪಂಪು ಯಾವತ್ತು ಕೆಟ್ಟಿತು, ಏನು ಬದಲಾಯಿಸಿದರು ಅಂತ ಫೋನಿನಲ್ಲೇ ಬರೆದಿಡಲು ಅವರಿಗೊಂದು ಚಿಕ್ಕ ಆ್ಯಪ್ ಬೇಕಿತ್ತು. ಸಾಫ್ಟ್‌ವೇರ್ ಕೆಲಸದವನಾದ ನನ್ನ ಪಾಲಿಗೆ ಅದು ಬಂತು. ಆ ಪಂಪಿನ ಹಿಂದೆ ಇಷ್ಟು ದೊಡ್ಡ ಕಥೆ ಇದೆ ಅಂತ ಗೊತ್ತಾಗಿದ್ದು ಆ ನೆಪದಲ್ಲೇ.

ಜಾಲ್ನಾ, ಸೊಲ್ಲಾಪುರ, ಜಗತ್ತು

1960ರ ದಶಕದ ಕೊನೆಯಲ್ಲಿ ಬರ ಬಂದಾಗ ನಮ್ಮ ದೇಶದ ಗಟ್ಟಿಕಲ್ಲಿನ ನೆಲದಲ್ಲಿ ಸಾವಿರಾರು ಕೊಳವೆಬಾವಿ ಕೊರೆದರು. ಮೇಲೆ ಕೂರಿಸಿದ್ದು ಎರಕದ ಕಬ್ಬಿಣದ ಪಂಪು. ಒಂದು ಮನೆಯವರ ಬಳಕೆಗೆಂದು ಮಾಡಿದ ಪಂಪನ್ನು ಇಡೀ ಊರು ಬೆಳಗಿನಿಂದ ರಾತ್ರಿವರೆಗೆ ಹೊಡೆದರೆ ಉಳಿಯುತ್ತಾ? 1970ರ ದಶಕದ ನಡುವಿನ ಹೊತ್ತಿಗೆ ಬಹುಪಾಲು ಪಂಪು ಕೆಟ್ಟು ನಿಂತಿದ್ದವು. ಬಾವಿಯಲ್ಲಿ ನೀರಿತ್ತು, ಜನರ ಕೊಡದಲ್ಲಿ ಇರಲಿಲ್ಲ.

ದಾರಿ ತೋರಿಸಿದ್ದು ಮಹಾರಾಷ್ಟ್ರದ ಎರಡು ಊರು. ಒಂದು ಜಾಲ್ನಾ. ಅಲ್ಲಿದ್ದದ್ದು ಸ್ಕಾಟ್ಲೆಂಡಿನ ಮಿಷನ್. ಇನ್ನೊಂದು ನಮ್ಮ ವಿಜಯಪುರದ ಪಕ್ಕದ, ಕನ್ನಡವೂ ಕೇಳಿಸುವ ಸೊಲ್ಲಾಪುರ. ಅಲ್ಲಿ ಸ್ವೀಡನ್ನಿನಿಂದ ಬಂದ ಮಿಷನರಿಗಳು ಬಾವಿಯ ಕೆಲಸಕ್ಕೆ ಕೈಹಾಕಿದ್ದರು. ಈ ಊರುಗಳ ವರ್ಕ್‌ಶಾಪ್‌ಗಳಲ್ಲಿ, ಕಾಲೇಜು ಮೆಟ್ಟಿಲು ಹತ್ತದ ಮೆಕ್ಯಾನಿಕ್‌ಗಳ ಕೈಯಲ್ಲಿ ಪಂಪು ಬದಲಾಯಿತು. ಎರಕದ ಕಬ್ಬಿಣ ಹೋಗಿ ಉಕ್ಕು ಬಂತು. ಸವೆದು ಅಲ್ಲಾಡುವ ಹಲವು ಕೀಲುಗಳ ಜಾಗಕ್ಕೆ ಒಂದೇ ಕೀಲು ಬಂತು. ಹಿಡಿಕೆಗೆ ಬೇರಿಂಗ್, ಒಳಗೆ ಸರಪಳಿ.

ಸೊಲ್ಲಾಪುರದ ಪಂಪನ್ನು ಆಧಾರವಾಗಿ ಇಟ್ಟುಕೊಂಡು ಭಾರತ ಸರ್ಕಾರ ಮತ್ತು ಯುನಿಸೆಫ್ ಸೇರಿ ‘ಮಾರ್ಕ್ ಟು’ ರೂಪಿಸಿದವು. ಸುಮಾರು 50 ಮೀಟರ್ ಆಳದಿಂದ ನೀರೆತ್ತಬೇಕು, 300 ಜನರ ಒಂದು ಊರಿಗೆ ಸಾಕಾಗಬೇಕು ಅನ್ನೋದು ಲೆಕ್ಕ. 1990ರ ದಶಕದ ನಡುವಿನ ಹೊತ್ತಿಗೆ ಇಂಥ 50 ಲಕ್ಷ ಪಂಪು ತಯಾರಾಗಿದ್ದವು. ಇದಕ್ಕೆ ಪೇಟೆಂಟ್ ಇಲ್ಲ, ಯಾರು ಬೇಕಾದರೂ ತಯಾರಿಸಬಹುದು. ನಮ್ಮ ಐಟಿಯವರ ಮಾತಲ್ಲಿ ಹೇಳಿದರೆ ಓಪನ್ ಸೋರ್ಸ್.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದರ ಹೆಸರು. ಜಾಲ್ನಾ ಪಂಪು, ಸೊಲ್ಲಾಪುರ ಪಂಪು, ಇಂಡಿಯಾ ಮಾರ್ಕ್ ಟು. ಎಲ್ಲವೂ ಊರಿನ ಹೆಸರು, ದೇಶದ ಹೆಸರು. ಕೊಟ್ಟವರದ್ದಾಗಲಿ, ಮಾಡಿದವರದ್ದಾಗಲಿ ಒಂದೂ ಇಲ್ಲ.

‘ಎಷ್ಟು ದಿನ ಇರ್ತೀರಿ?’

ಉಗಾಂಡಾದ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಪಂಪಿಗೆ ಊರವರದ್ದೇ ಒಂದು ಸಮಿತಿ ಇರುತ್ತದೆ. ಮನೆಗಿಷ್ಟು ಅಂತ ದುಡ್ಡು ಎತ್ತಿ ರಿಪೇರಿಗೆ ಇಟ್ಟುಕೊಳ್ಳಬೇಕು. ಹೇಳೋದು ಸುಲಭ. ಬೆಳೆ ಕೈಕೊಟ್ಟ ವರ್ಷ ಯಾರು ಕೊಡ್ತಾರೆ? ಮಾರ್ಕ್ ಟು ಪಂಪಿನ ಒಂದು ವಾಶರ್ ಬದಲಾಯಿಸಬೇಕೆಂದರೂ ಕೊಳವೆಯೊಳಗಿನ ಪೈಪುಗಳನ್ನೆಲ್ಲ ಮೇಲೆತ್ತಬೇಕು. ಅದಕ್ಕೆ ಬೇರೆಯೇ ಟೂಲ್ಸ್ ಬೇಕು, ಮೂರ್ನಾಲ್ಕು ಆಳು ಬೇಕು.

ನಾವು ಹೋದ ಒಂದು ಹಳ್ಳಿಯಲ್ಲಿ ಪಂಪು ಕೆಟ್ಟು ತಿಂಗಳುಗಳೇ ಆಗಿದ್ದವು. ಮಕ್ಕಳು ಹಳದಿ ಕ್ಯಾನ್ ಹಿಡಿದು ದೂರದ ಹಳ್ಳದಿಂದ ನೀರು ತರುತ್ತಿದ್ದರು. ಕಟ್ಟೆಯ ಮೇಲಿನ ಫಲಕದಲ್ಲಿ ದಾನಿಗಳ ಹೆಸರು ಮಾತ್ರ ಚೆನ್ನಾಗಿ ಓದಲು ಬರುತ್ತಿತ್ತು. ಸಮಿತಿಯ ಖಜಾಂಚಿ, ನಮ್ಮಮ್ಮನ ವಯಸ್ಸಿನ ಒಬ್ಬ ಹೆಂಗಸು. ನಾವು ನಮ್ಮ ಪರಿಚಯ ಹೇಳಿ, ಪ್ರಾರ್ಥನೆ ಮುಗಿಸಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಎಷ್ಟು ದಿನ ಇರ್ತೀರಿ?’

ಸಿಟ್ಟಿನಿಂದ ಕೇಳಿದ್ದಲ್ಲ. ಬಂದವರನ್ನೂ ಹೋದವರನ್ನೂ ನೋಡಿ ನೋಡಿ ಅಭ್ಯಾಸವಾದವರ ಪ್ರಶ್ನೆ ಅದು.

ಅವತ್ತು ರಾತ್ರಿ ಲೂಕನ ಸುವಾರ್ತೆಯ ಒಳ್ಳೆ ಸಮಾರ್ಯದವನ ಕಥೆ ತೆಗೆದೆ. ಸಂಡೇ ಸ್ಕೂಲಿನಿಂದ ಕೇಳಿದ ಕಥೆ. ದಾರಿಯಲ್ಲಿ ಬಿದ್ದವನ ಗಾಯಕ್ಕೆ ಎಣ್ಣೆ ಹಚ್ಚಿ ಕಟ್ಟಿದ್ದು, ಕತ್ತೆ ಮೇಲೆ ಕೂರಿಸಿದ್ದು ಎಲ್ಲರಿಗೂ ನೆನಪಿರುತ್ತದೆ. ಅದರ ಮುಂದಿನ ಭಾಗದ ಮೇಲೆ ಪ್ರಸಂಗ ಕೇಳಿದ್ದು ಕಡಿಮೆ. ಆತ ಛತ್ರದವನಿಗೆ ಎರಡು ನಾಣ್ಯ ಕೊಟ್ಟು, ಹೆಚ್ಚಿಗೆ ಖರ್ಚಾದರೆ ತಿರುಗಿ ಬಂದಾಗ ತೀರಿಸುತ್ತೇನೆ ಅಂತ ಹೇಳಿ ಹೋಗುತ್ತಾನೆ. ಅಂದರೆ ಆತನ ಕರುಣೆಗೆ ಮೆಂಟೆನೆನ್ಸ್ ಕೂಡ ಸೇರಿತ್ತು. ನೋಡಿಕೊಳ್ಳಲು ಆ ಊರಿನವನನ್ನೇ ನಂಬಿದ, ಲೆಕ್ಕ ಬಾಕಿ ಇಟ್ಟುಕೊಂಡ, ಮತ್ತೆ ಬರುವ ಮಾತು ಕೊಟ್ಟ. ಆದರೆ ಆತನ ಹೆಸರೇನು ಅಂತ ಯೇಸು ಹೇಳಲೇ ಇಲ್ಲ.

ಕಮಿಟಿ ಮೀಟಿಂಗ್

ಬೆಂಗಳೂರಿಗೆ ಬಂದ ಮೇಲೆ ಕ್ರಿಸ್ಮಸ್ ಕಾಣಿಕೆಯ ಚರ್ಚೆ ಶುರುವಾಯಿತು. ಒಂದು ಹೊಸ ಕೊಳವೆಬಾವಿ, ಅದರ ಮೇಲೆ ನಮ್ಮ ಸಭೆಯ ಹೆಸರು ಅನ್ನೋದು ಹಿರಿಯರ ಆಸೆ. ಹೊಸದು ಬೇಡ, ಇರುವ ಪಂಪುಗಳ ರಿಪೇರಿಗೆ, ಆ ಭಾಗದ ಇಬ್ಬರು ಮೆಕ್ಯಾನಿಕ್‌ಗಳ ಟೂಲ್ಸ್‌ಗೆ ಮೂರು ವರ್ಷ ದುಡ್ಡು ಕಳಿಸೋಣ ಅಂತ ನಾವು ಹೇಳಿದೆವು.

‘ನೋಡಪ್ಪಾ, ಬಾವಿ ಅಂದ್ರೆ ಜನ ಕಾಣಿಕೆ ಕೊಡ್ತಾರೆ. ವಾಶರ್‌ಗೆ ಯಾರು ಕೊಡ್ತಾರೆ?’ ಅಂದರು ಹಿರಿಯರೊಬ್ಬರು.

‘ಅಂಕಲ್, ವಾಶರ್ ಇಲ್ದಿದ್ರೆ ಬಾವಿಯಿಂದ ನೀರು ಬರಲ್ಲ,’ ಅಂದೆ.

ಅವರ ಮಾತಲ್ಲಿ ಹುರುಳಿಲ್ಲ ಅಂತಲ್ಲ. ಫೋಟೋ ಇಲ್ಲದ ಕೆಲಸಕ್ಕೆ ದುಡ್ಡು ಎತ್ತೋದು ಕಷ್ಟವೇ. ಎರಡು ಮೀಟಿಂಗ್ ಆಯಿತು, ಸಭಾಪಾಲಕರು ನಡುವೆ ಬಂದರು, ಕೊನೆಗೆ ರಿಪೇರಿಗೇ ಒಪ್ಪಿಗೆ ಸಿಕ್ಕಿತು. ಈ ಸಲದ ಕಾಣಿಕೆ ಹಿಂದಿನ ವರ್ಷಕ್ಕಿಂತ ಕಮ್ಮಿಯೇ ಬಂತು. ಆದರೆ ಅದೇ ಹಿರಿಯರು ತಮ್ಮ ಲಕೋಟೆಯ ಮೇಲೆ ‘ವಾಶರ್‌ಗೆ’ ಅಂತ ಬರೆದು ಕೊಟ್ಟಿದ್ದರು.

ವಿದೇಶಕ್ಕೆ ಹೋಗಿ ಸೇವೆ ಮಾಡಬೇಕು ಅಂತ ನಮ್ಮ ವಯಸ್ಸಿನ ತುಂಬಾ ಜನಕ್ಕೆ ಅನ್ನಿಸುತ್ತದೆ. ಹೋಗಿ, ಖಂಡಿತ ಒಳ್ಳೆಯದು. ಹೋಗೋಕಾಗದವರು ದುಡ್ಡು ಕೊಡಿ. ಎರಡಕ್ಕೂ ಮೊದಲು ಒಂದು ಮಾತು ಕೇಳಿ: ‘ಮೂರನೇ ವರ್ಷ ಇದು ಕೆಟ್ಟರೆ ಯಾರು ರಿಪೇರಿ ಮಾಡ್ತಾರೆ, ಅವರ ಕೂಲಿ ಯಾರು ಕೊಡ್ತಾರೆ?’ ಉತ್ತರದಲ್ಲಿ ಆ ಊರಿನವರೊಬ್ಬರ ಹೆಸರು ಬಂದರೆ ನಿಮ್ಮ ಕಾಣಿಕೆ ಸರಿಯಾದ ಜಾಗಕ್ಕೆ ಹೋಗುತ್ತಿದೆ ಅಂತ ತಿಳಿಯಿರಿ.